ಗುಜರಿಯಲ್ಲಿ ಹುಟ್ಟುವ ಗಗನನೌಕೆ

ಕಾಲ್ಪನಿಕ ಗಗನನೌಕೆಗಳ ಪುಟ್ಟ ಮಾದರಿ ಮಾಡುವುದು ನನ್ನ ಹಳೆಯ ಹವ್ಯಾಸ. ಅದರ ಬಗ್ಗೆ ಇದೇ ಅಂಕಣದಲ್ಲಿ ಒಮ್ಮೆ ಎರಡು ಮಾತು ಬರೆದದ್ದೇ ತಡ, ಓದುಗರ ಪ್ರಶ್ನೆಗಳು ಇಂದಿಗೂ ನಿಂತಿಲ್ಲ. ಮಣಿಪಾಲದ ಹಾಸ್ಟೆಲ್ ಹುಡುಗರಿಂದ ಹಿಡಿದು ಕಾರ್ಕಳದ ನಿವೃತ್ತ ಮೇಷ್ಟ್ರವರೆಗೆ ಎಲ್ಲರೂ ಕೇಳುವುದು ಒಂದೇ: "ಆ ಸಣ್ಣ ಸಣ್ಣ ಪೈಪು, ಏಣಿ, ಕಂಬಿ, ಬಾಗಿಲು ಎಲ್ಲ ಎಲ್ಲಿ ಸಿಗ್ತದೆ ಮಾರಾಯ್ರೆ?" ಎಲ್ಲಿಯೂ ಸಿಗುವುದಿಲ್ಲ, ನಾವೇ ಮಾಡಿಕೊಳ್ಳಬೇಕು. ಹೇಗೆ ಎಂಬುದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಉಂಟು. ಆ ಪೈಪು ಅಲ್ಲಿ ಯಾಕಿದೆ? ಅದರೊಳಗೆ ಏನು ಹರಿಯುತ್ತದೆ? ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ? ಇಷ್ಟಕ್ಕೆ ಉತ್ತರವಿಲ್ಲದೆ ಅಂಟಿಸಿದ ತುಣುಕು ಎಷ್ಟೇ ನಾಜೂಕಾಗಿದ್ದರೂ ನೋಡುವವರಿಗೆ ಅಂಟಿಸಿದ ತುಣುಕಾಗಿಯೇ ಕಾಣುತ್ತದೆ.

ಈ ಕಲೆಯನ್ನು ಬೆಳೆಸಿದ್ದು ಸಿನಿಮಾ. ಕಂಪ್ಯೂಟರ್ ಗ್ರಾಫಿಕ್ಸ್ ಬರುವ ಮೊದಲು ಪರದೆಯ ಮೇಲಿನ ಗಗನನೌಕೆ ಎಂದರೆ ಯಾರೋ ಕೈಯಾರೆ ಕಟ್ಟಿದ ಮಾದರಿಯೇ. ಸ್ಟ್ಯಾನ್ಲಿ ಕುಬ್ರಿಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’ (1968) ಚಿತ್ರಕ್ಕೆ ಮಾಡಿದ ಡಿಸ್ಕವರಿ ನೌಕೆಯ ದೊಡ್ಡ ಮಾದರಿ ಸುಮಾರು 54 ಅಡಿ ಉದ್ದವಿತ್ತು. ಆಟಿಕೆ ಅಂಗಡಿಗಳಲ್ಲಿ ಮಾರುವ ಪ್ಲಾಸ್ಟಿಕ್ ಕಿಟ್‌ಗಳನ್ನು ಒಡೆದು, ಅವುಗಳ ಬಿಡಿಭಾಗಗಳನ್ನು ನೌಕೆಗಳ ಮೈಮೇಲೆ ಜೋಡಿಸುವ ಕ್ರಮ ಆ ಚಿತ್ರದಲ್ಲಿ ಗಟ್ಟಿಯಾಗಿ ನೆಲೆಯೂರಿತು. 1977ರ ‘ಸ್ಟಾರ್ ವಾರ್ಸ್’ ಅದನ್ನು ಇನ್ನೂ ಮುಂದಕ್ಕೆ ಒಯ್ದಿತು. ಮೊದಲ ದೃಶ್ಯದಲ್ಲಿ ಪ್ರೇಕ್ಷಕರ ನೆತ್ತಿಯ ಮೇಲೆ ಮುಗಿಯದೆ ಹಾದುಹೋಗುವ ಆ ದೈತ್ಯ ಯುದ್ಧನೌಕೆ ನಿಜಕ್ಕೂ ಇದ್ದದ್ದು ಸುಮಾರು ಮೂರು ಅಡಿ. ಮೂರು ಅಡಿಯ ವಸ್ತುವನ್ನು ಮೈಲಿಯಷ್ಟು ಉದ್ದವೆಂದು ನಂಬಿಸಿದ್ದು ಅದರ ಮೈಮೇಲಿದ್ದ ಸೂಕ್ಷ್ಮ ಉಬ್ಬುತಗ್ಗುಗಳು ಮತ್ತು ಅವುಗಳಿಗೆ ತೀರ ಹತ್ತಿರದಲ್ಲಿ ಸರಿದ ಕ್ಯಾಮೆರಾ. ಅಂಥ ಉಬ್ಬುತಗ್ಗುಗಳಿಗೆ ಈ ಕಸುಬಿನವರು ‘ಗ್ರೀಬಲ್’ ಎನ್ನುತ್ತಾರೆ.

ಆದರೆ ಇದಕ್ಕೆ ಪೂರ್ತಿ ವಿರುದ್ಧವಾದ ದಾರಿಯೂ ಒಂದಿದೆ. 1966ರಲ್ಲಿ ಶುರುವಾದ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಎಂಟರ್‌ಪ್ರೈಸ್ ನೌಕೆಯ ಮೈ ನುಣುಪು. ಹನ್ನೊಂದು ಅಡಿ ಉದ್ದದ ಆ ಮಾದರಿ ಈಗ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ವಿನ್ಯಾಸ ಮಾಡಿದ ಮ್ಯಾಟ್ ಜೆಫ್ರೀಸ್ ಅವರ ವಾದ ಸರಳವಾಗಿತ್ತು. ಕೆಟ್ಟುಹೋಗಬಹುದಾದ, ರಿಪೇರಿ ಬೇಕಾಗುವ ಯಂತ್ರವನ್ನು ಹೊರಗಿಟ್ಟರೆ ಸಿಬ್ಬಂದಿ ನಿರ್ವಾತದಲ್ಲಿ ನೇತಾಡಿಕೊಂಡು ಕೆಲಸ ಮಾಡಬೇಕು; ಆದ್ದರಿಂದ ಎಲ್ಲವೂ ಒಳಗಿರಲಿ. ಒಂದು ನೌಕೆ ಮೈತುಂಬ ಯಂತ್ರ ಹೊತ್ತಿದೆ, ಇನ್ನೊಂದು ಬೋಳಾಗಿದೆ, ಎರಡೂ ಕಣ್ಣಿಗೆ ಒಪ್ಪುತ್ತವೆ. ಜೆಫ್ರೀಸ್ ತಮ್ಮ ನೌಕೆಯ ಬೋಳು ಮೈಗೂ ಕಾರಣ ಇಟ್ಟುಕೊಂಡಿದ್ದರು ಎಂಬುದನ್ನು ಹೊಸಬರು ಗಮನಿಸಬೇಕು.

ಬೋಳು ಮೈಯ ಬೆಲೆ ತಿಳಿಯಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ, ಕಾರ್ಕಳದ ಬೆಟ್ಟ ಹತ್ತಿದರೆ ಸಾಕು. ವೀರಪಾಂಡ್ಯ ಭೈರರಸ 1432ರಲ್ಲಿ ನಿಲ್ಲಿಸಿದ ಗೊಮ್ಮಟ 42 ಅಡಿ ಎತ್ತರದ ಏಕಶಿಲೆ. ಎದೆ, ಹೊಟ್ಟೆ, ತೊಡೆಗಳಲ್ಲಿ ಶಿಲ್ಪಿ ಏನನ್ನೂ ಕೆತ್ತಿಲ್ಲ, ಕಲ್ಲನ್ನು ನಯಗೊಳಿಸಿ ಬಿಟ್ಟಿದ್ದಾನೆ. ಸೂಕ್ಷ್ಮ ಕೆಲಸ ಇರುವುದು ತಲೆಯ ಗುಂಗುರು ಕೂದಲಲ್ಲಿ, ಕಾಲಿಗೂ ತೋಳಿಗೂ ಸುತ್ತಿದ ಬಳ್ಳಿಯಲ್ಲಿ. ನೋಡುವವರ ಕಣ್ಣು ಬಳ್ಳಿಯ ಎಲೆಯೊಂದರ ಮೇಲೆ ನಿಂತು, ಅಲ್ಲಿಂದ ಆ ಬಯಲಿನಂಥ ಎದೆಗೆ ಏರಿದಾಗ ಮೂರ್ತಿ ಎಷ್ಟು ದೊಡ್ಡದು ಎಂಬುದು ಮೈಗೆ ತಾಗುತ್ತದೆ. ಇಡೀ ಮೈಗೆ ಬಳ್ಳಿ ಸುತ್ತಿದ್ದರೆ ಆ ಎತ್ತರ ಹೀಗೆ ಕಾಣುತ್ತಿರಲಿಲ್ಲ. ಮಾದರಿ ನೌಕೆಯಲ್ಲೂ ಅಷ್ಟೆ. ಒಂದು ಕಡೆ ಒತ್ತೊತ್ತಾಗಿ ವಿವರ ತುಂಬಿದರೆ ಪಕ್ಕದಲ್ಲಿ ದೊಡ್ಡ ಖಾಲಿ ಜಾಗ ಬೇಕೇ ಬೇಕು. ಹೊಸಬರು ಮಾಡಿದ ಮಾದರಿಗಳಲ್ಲಿ ನನಗೆ ಹೆಚ್ಚಾಗಿ ಕಾಣುವ ಕೊರತೆ ವಿವರದ್ದಲ್ಲ, ಖಾಲಿ ಜಾಗದ್ದು. ಕೈಗೆ ಸಿಕ್ಕಿದ್ದನ್ನೆಲ್ಲ ಅಂಟಿಸಿ ಅಂಗುಲದಷ್ಟೂ ಜಾಗ ಬಿಡದೆ ಮುಚ್ಚಿರುತ್ತಾರೆ.

ಗಾತ್ರದ ಲೆಕ್ಕಕ್ಕೆ ಕಾಪುವಿನ ದೀಪಸ್ತಂಭ ಒಳ್ಳೆಯ ಪಾಠ. ಬಂಡೆಯ ಮೇಲೆ 1901ರಿಂದ ನಿಂತಿರುವ ಅದರ ಎತ್ತರ ಸುಮಾರು 27 ಮೀಟರ್. ದೂರದಿಂದ ನೋಡಿದರೆ ಕಪ್ಪು ಬಿಳಿ ಪಟ್ಟಿಯ ಒಂದು ಕಂಬ, ಅಷ್ಟೆ. ಎತ್ತರ ಅಂದಾಜಿಗೆ ಸಿಗುವುದಿಲ್ಲ. ಮೇಲಿನ ಕಟಾಂಜನದ ಹತ್ತಿರ ಯಾರಾದರೂ ಬಂದು ನಿಂತರೆ ಇಡೀ ಸ್ತಂಭ ತಟ್ಟನೆ ದೊಡ್ಡದಾಗುತ್ತದೆ. ಮನುಷ್ಯನ ಬಳಕೆಗೆ ಇರುವ ವಸ್ತುಗಳ ಅಳತೆ ನಮಗೆ ಹುಟ್ಟಿನಿಂದ ಗೊತ್ತು. ಬಾಗಿಲು ಎಂದರೆ ಎರಡು ಮೀಟರ್, ಕಟಾಂಜನ ಎಂದರೆ ಒಂದು ಮೀಟರ್, ಮೆಟ್ಟಿಲು ಎಂದರೆ ಅರ್ಧ ಮೊಣಕಾಲು. ಹಾಗಾಗಿ ಯಾವ ನೌಕೆಗೇ ಆಗಲಿ ನಾನು ಮೊದಲು ನಿರ್ಧರಿಸುವುದು ಪ್ರಮಾಣವನ್ನು, ಮೊದಲು ಮಾಡುವುದು ಬಾಗಿಲನ್ನು. ನನಗೆ ಒಗ್ಗಿದ್ದು 1:144, ಅಂದರೆ ನಿಜದ ವಸ್ತುವಿನ 144ನೇ ಒಂದು ಪಾಲು. ಈ ಲೆಕ್ಕದಲ್ಲಿ ಕಾಪುವಿನ ದೀಪಸ್ತಂಭ 19 ಸೆಂ.ಮೀ. ಒಳಗೆ ಬರುತ್ತದೆ. ಬಾಗಿಲು 14 ಮಿ.ಮೀ., ಕಟಾಂಜನ 7 ಮಿ.ಮೀ., ಮನುಷ್ಯ 12 ಮಿ.ಮೀ. ಬಾಗಿಲು 20 ಮಿ.ಮೀ. ಆಗಿಬಿಟ್ಟರೆ ಇಡೀ ನೌಕೆ ಮೂರನೇ ಒಂದು ಪಾಲು ಕುಗ್ಗಿದ ಹಾಗೆ. ಉಳಿದ ಯಾವ ಕೈಚಳಕವೂ ಅದನ್ನು ಮತ್ತೆ ಹಿಗ್ಗಿಸಲಾರದು.

ಇನ್ನು ವಿವರ ಎಲ್ಲಿ ಬರಬೇಕು ಎಂಬುದು. ಇದನ್ನು ಕಲಿಯಲು ನಾನು ಎಲ್ಲರಿಗೂ ಹೇಳುವ ಜಾಗ ಮಲ್ಪೆ ಬಂದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ, ಕೊಡೆ ಹಿಡಿದು ಆರಾಮವಾಗಿ ನೋಡಬಹುದು. ಒಂದು ಟ್ರಾಲ್ ಬೋಟಿನ ಮುಂದೆ ನಿಂತು ನೋಡಿ. ಮುಂಭಾಗದ ಎರಡೂ ಪಕ್ಕ ಅಗಲವಾಗಿ ಬಣ್ಣ ಬಳಿದ ಹಲಗೆ. ಹೆಸರು, ನೋಂದಣಿ ಸಂಖ್ಯೆ ಬಿಟ್ಟರೆ ಅಲ್ಲಿ ಬೇರೇನೂ ಇಲ್ಲ. ವಿಂಚ್ ಇರುವಲ್ಲಿ ಮಾತ್ರ ಜಗತ್ತೇ ನೆರೆದಿದೆ: ಉಕ್ಕಿನ ಹಗ್ಗ, ಅದನ್ನು ತಿರುಗಿಸುವ ರಾಟೆ, ರಾಟೆಗೆ ಆಧಾರದ ಚೌಕಟ್ಟು, ಹಗ್ಗ ಉಜ್ಜಿ ಉಜ್ಜಿ ಹಲಗೆ ಸವೆಯದಿರಲೆಂದು ಬಡಿದ ತಗಡು. ಚಾಲಕನ ಕೋಣೆಯ ಮೇಲೆ ದೀಪ, ವೈರ್‌ಲೆಸ್ ಆಂಟೆನಾ, ಅಲ್ಲಿಂದ ಇಳಿದು ಒಳಗೆ ಹೋಗುವ ವಯರು. ಪಕ್ಕದ ಬೋಟು ತಾಗುವಲ್ಲಿ ಟಯರು. ಯಾವುದೂ ಅಂದಕ್ಕೆ ಬಂದದ್ದಲ್ಲ. ಕೆಲಸ ನಡೆಯುವ ಜಾಗದಲ್ಲಿ ವಿವರ ಗುಂಪುಗೂಡುತ್ತದೆ, ಕೆಲಸ ಇಲ್ಲದ ಜಾಗ ಖಾಲಿ ಉಳಿಯುತ್ತದೆ. ಬಣ್ಣ ಹೋಗಿರುವುದೂ ಹಾಗೆಯೇ, ಕೈ ಹಿಡಿಯುವ ಕಂಬಿಯಲ್ಲಿ, ಕಾಲಿಡುವ ಅಂಚಿನಲ್ಲಿ. ಕಾಲ್ಪನಿಕ ಸರಕು ನೌಕೆಗೆ ಕ್ರೇನ್ ಕೂರಿಸುವಾಗ ನಾನು ಇಲ್ಲಿಂದಲೇ ಕ್ರಮ ಕಲಿತೆ. ಕ್ರೇನ್ ಬಂತೆಂದರೆ ಅದಕ್ಕೆ ಮೋಟಾರು, ಮೋಟಾರಿಗೆ ವಯರು, ರಿಪೇರಿಗೆ ಬರುವವರಿಗೆ ಏಣಿ, ಏಣಿಯ ಬುಡದಲ್ಲಿ ಬಾಗಿಲು, ಬಾಗಿಲ ಮೇಲೊಂದು ದೀಪ.

ಆದರೆ ಬೋಟಿನಿಂದ ಒಂದನ್ನು ಮಾತ್ರ ನಕಲು ಮಾಡಬಾರದು, ತುಕ್ಕು. ಮಾದರಿಗಳ ಮೈಮೇಲೆ ಕಂದು ಬಣ್ಣದ ತುಕ್ಕಿನ ಗೆರೆ ಇಳಿಬಿಡುವುದು ಈಗ ಎಲ್ಲೆಡೆ ಚಾಲ್ತಿಯಲ್ಲಿದೆ, ನನಗೆ ಅದು ಒಪ್ಪುವುದಿಲ್ಲ. ತುಕ್ಕು ಹಿಡಿಯಲು ಆಮ್ಲಜನಕವೂ ನೀರೂ ಬೇಕು. ನಿರ್ವಾತದಲ್ಲಿ ಎರಡೂ ಇಲ್ಲ. ಗೆರೆ ಕೆಳಕ್ಕೆ ಇಳಿಯಲು ‘ಕೆಳಗೆ’ ಎಂಬುದು ಒಂದಿರಬೇಕು; ಅಲ್ಲಿ ಅದೂ ಇಲ್ಲ. ಗ್ರಹಕ್ಕೆ ಇಳಿದು ಮಳೆಯಲ್ಲಿ ನಿಲ್ಲುವ ನೌಕೆಯಾದರೆ ಧಾರಾಳವಾಗಿ ತುಕ್ಕು ಹಿಡಿಸಿ. ಅಂತರಿಕ್ಷದಲ್ಲೇ ಇರುವ ನೌಕೆಗೆ ವಯಸ್ಸಾಗುವ ಬಗೆ ಬೇರೆ. ಸೂರ್ಯನ ನೇರಳಾತೀತ ಕಿರಣಕ್ಕೆ ಬಿಳಿ ಬಣ್ಣ ಹಳದಿಗಟ್ಟುತ್ತದೆ, ದಿಕ್ಕು ಬದಲಿಸುವ ಪುಟ್ಟ ಎಂಜಿನ್‌ಗಳ ಬಾಯಿಯ ಸುತ್ತ ಮಸಿ ಬೀಸಣಿಗೆಯಾಕಾರದಲ್ಲಿ ಹರಡುತ್ತದೆ, ಸೂಕ್ಷ್ಮ ಉಲ್ಕಾಕಣಗಳು ಬಡಿದು ಚುಕ್ಕೆ ಚುಕ್ಕೆ ಕುಳಿಗಳಾಗುತ್ತವೆ. ಸೂಜಿಯ ಮೊನೆಯಿಂದ ಒತ್ತಿದ ಕೆಲವೇ ಕುಳಿಗಳು, ಅದೂ ನೌಕೆ ಮುನ್ನುಗ್ಗುವ ಬದಿಯಲ್ಲಿ ಮಾತ್ರ, ಎಷ್ಟೋ ಮಾತು ಹೇಳುತ್ತವೆ.

ಸಾಮಗ್ರಿಗೆ ಬರೋಣ. ವಿದೇಶದ ಹವ್ಯಾಸಿಗಳು ಬಳಸುವ ಪಾಲಿಸ್ಟೈರೀನ್ ಹಾಳೆ, ಪಟ್ಟಿಗಳು ನಮ್ಮ ಊರಿನ ಅಂಗಡಿಗಳಲ್ಲಿ ನನಗೆ ಕಂಡಿಲ್ಲ, ತರಿಸಿದರೆ ದುಬಾರಿ. ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಂದಾಗಿ ಮಣಿಪಾಲದಲ್ಲಿ ಸನ್‌ಬೋರ್ಡ್, ಮೌಂಟ್ ಬೋರ್ಡ್, ಒಳ್ಳೆಯ ಕಟರ್, ಉಕ್ಕಿನ ಸ್ಕೇಲು ಸಿಗುತ್ತವೆ. ನೌಕೆಯ ಒಡಲಿಗೆ ಪ್ಲಂಬಿಂಗ್ ಅಂಗಡಿಯ ಪಿವಿಸಿ ಪೈಪು: 63 ಮಿ.ಮೀ. ಪೈಪು ನನ್ನ ಪ್ರಮಾಣದಲ್ಲಿ 9 ಮೀಟರ್ ಅಗಲದ ನೌಕೆ. ಹೊರಕವಚದ ಫಲಕಗಳಿಗೆ ಅವಧಿ ಮುಗಿದ ಬ್ಯಾಂಕ್ ಕಾರ್ಡು. ಜಗತ್ತಿನಾದ್ಯಂತ ಅದರ ದಪ್ಪ ಒಂದೇ, 0.76 ಮಿ.ಮೀ.; 1:144ರಲ್ಲಿ ಅದು 11 ಸೆಂ.ಮೀ. ದಪ್ಪದ ಕವಚ. ತೆಳುವಾದ ಫಲಕ ಬೇಕಿದ್ದಲ್ಲಿ ವಿಸಿಟಿಂಗ್ ಕಾರ್ಡು, ಅದಕ್ಕೂ ತೆಳು ಬೇಕಾದರೆ ಔಷಧಿ ಮಾತ್ರೆ ಪಟ್ಟಿಯ ಹಿಂದಿನ ಹಾಳೆ. ಉಳಿದದ್ದು ಗುಜರಿ ಅಂಗಡಿಯಲ್ಲಿ. ಕೆಟ್ಟ ರೇಡಿಯೊದ ಸರ್ಕ್ಯೂಟ್ ಬೋರ್ಡು, ಮುರಿದ ಪ್ರಿಂಟರಿನ ಹಲ್ಲಿನ ಚಕ್ರಗಳು, ಗಡಿಯಾರ ರಿಪೇರಿಯವರು ಎಸೆಯುವ ಡಬ್ಬಿಯ ಚೂರುಗಳು. ಗುಜರಿಯ ಯಾವ ವಸ್ತುವನ್ನೂ ಇದ್ದ ಹಾಗೇ ಅಂಟಿಸಬೇಡಿ. ಅದರ ಹಳೆಯ ಗುರುತು ಸಿಗಬಾರದು. ಅರ್ಧ ಕತ್ತರಿಸಿ, ತಿರುಗಿಸಿ, ಇನ್ನೊಂದರ ಜೊತೆ ಸೇರಿಸಿ. ಪೇಸ್ಟಿನ ಮುಚ್ಚಳ ಪೇಸ್ಟಿನ ಮುಚ್ಚಳವಾಗಿಯೇ ಕಂಡರೆ ನೌಕೆಯ ಭ್ರಮೆ ಅಲ್ಲಿಗೇ ಮುಗಿಯಿತು.

ಒಂದು ಪೈಪು ಮಾಡುವುದನ್ನಷ್ಟೇ ಪೂರ್ತಿ ಹೇಳುತ್ತೇನೆ. ತೋಟದ ಪಂಪ್‌ಸೆಟ್ ಸುಟ್ಟಾಗ ನಾವು ಹೋಗುವ ವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತಂತಿಯ ತುಂಡುಗಳು ಸಿಗುತ್ತವೆ. 20ನೇ ಗೇಜಿನ ತಂತಿ ಸುಮಾರು 0.9 ಮಿ.ಮೀ., ಅಂದರೆ ನನ್ನ ನೌಕೆಯಲ್ಲಿ 13 ಸೆಂ.ಮೀ. ಪೈಪು, 30ನೇ ಗೇಜಿನದು 0.3 ಮಿ.ಮೀ., ನಾಲ್ಕೂವರೆ ಸೆಂ.ಮೀ. ಪೈಪು. ತಂತಿಯ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು ಒಮ್ಮೆ ಜೋರಾಗಿ ಎಳೆಯಿರಿ. ತಂತಿ ಕೂದಲೆಳೆಯಷ್ಟು ಉದ್ದವಾಗಿ, ಎಲ್ಲ ಸೊಟ್ಟ ಹೋಗಿ ನೆಟ್ಟಗಾಗುತ್ತದೆ. ಕಾರ್ಖಾನೆಯ ಪೈಪಿನ ತಿರುವು ಸಾಮಾನ್ಯವಾಗಿ ಅದರ ವ್ಯಾಸದ ಒಂದೂವರೆ ಪಟ್ಟು ತ್ರಿಜ್ಯದಲ್ಲಿರುತ್ತದೆ. ಹಾಗಾಗಿ 20ನೇ ಗೇಜಿನ ತಂತಿಯನ್ನು ಎರಡು ಮಿ.ಮೀ. ಮೊಳೆಗೆ ಒತ್ತಿ ಬಗ್ಗಿಸಿದರೆ ಸರಿಯಾದ ತಿರುವು ಬರುತ್ತದೆ. ಬೆರಳಿನಿಂದ ಬಗ್ಗಿಸಿದ್ದು ಬಗ್ಗಿದ ತಂತಿಯಾಗಿಯೇ ಉಳಿಯುತ್ತದೆ. ಈಗ ಬೇರೊಂದು ವಯರಿನ ಪ್ಲಾಸ್ಟಿಕ್ ಹೊದಿಕೆಯನ್ನು ಸುಲಿದು, ಬ್ಲೇಡಿನಿಂದ ಅರ್ಧ ಮಿ.ಮೀ. ಬಳೆಗಳಾಗಿ ಕತ್ತರಿಸಿ, ತಿರುವಿನ ಎರಡೂ ಬದಿಗೆ ಒಂದೊಂದು ಪೋಣಿಸಿ. ಎರಡು ಪೈಪು ಕೂಡುವಲ್ಲಿ ಇರುವ ಫ್ಲಾಂಜ್ ಅದು. ಕಾಗದದ ಸಣ್ಣ ಪಟ್ಟಿಯನ್ನು ಪೈಪಿನ ಮೇಲೆ ಹಾಯಿಸಿ ಎರಡೂ ತುದಿ ಅಂಟಿಸಿದರೆ ಕ್ಲಾಂಪು. ಉದ್ದದ ಪೈಪಾದರೆ ನಡುವೆ ಒಂದು ಕಡೆ ಅದನ್ನು ಚೌಕಾಕಾರದಲ್ಲಿ ಹೊರಬಾಗಿಸಿ ಮತ್ತೆ ಸಾಲಿಗೆ ತನ್ನಿ. ಅಂತರಿಕ್ಷದಲ್ಲಿ ಬಿಸಿಲಿಗೂ ನೆರಳಿಗೂ ನೂರಾರು ಡಿಗ್ರಿ ಅಂತರವಿದೆ, ಪೈಪು ಹಿಗ್ಗಿ ಕುಗ್ಗಲು ಅಂಥದ್ದೊಂದು ಬಾಗು ಬೇಕು. ನೋಡುವವರಿಗೆ ಈ ಕಾರಣ ಗೊತ್ತಿರಬೇಕೆಂದಿಲ್ಲ. ಇಂಜಿನಿಯರ್ ಒಬ್ಬರು ಯೋಚಿಸಿ ಹಾಕಿದ ಪೈಪು ಇದು ಎಂಬ ನಂಬಿಕೆ ಹೇಗೋ ಅವರೊಳಗೆ ಇಳಿಯುತ್ತದೆ.

ಕಾಲ್ಪನಿಕ ನೌಕೆ ಮಾಡುವವರು ನಿಜದ ಉಪಗ್ರಹಗಳನ್ನು ಚೆನ್ನಾಗಿ ನೋಡಿರಬೇಕು ಎಂದು ನಾನು ಪಟ್ಟು ಹಿಡಿಯುವುದೂ ಇದಕ್ಕೇ. ನಮ್ಮ ಜಿಲ್ಲೆಯವರಿಗಂತೂ ಅದು ಮನೆಯದೇ ವಿಷಯ. ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ ತಂಡದ ನಾಯಕ ಯು.ಆರ್. ರಾವ್ ಹುಟ್ಟಿದ್ದು 1932ರಲ್ಲಿ ಅದಮಾರಿನಲ್ಲಿ, ಕಾಪುವಿನಿಂದ ಕೂಗಳತೆಯ ಊರು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾಗಿ, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿ ಹೋದ ಆರ್ಯಭಟದ ತೂಕ 360 ಕಿಲೊ. ಹಳೆಯ ಎರಡು ರೂಪಾಯಿ ನೋಟಿನ ಬೆನ್ನಲ್ಲಿ ಅದರ ಚಿತ್ರ ನೋಡಿದವರಿಗೆ ನೆನಪಿರಬಹುದು, ಅದು ಚೆಂಡಲ್ಲ, 26 ಚಪ್ಪಟೆ ಮುಖಗಳ ಆಕೃತಿ. ಮೇಲಿನ ಮತ್ತು ಕೆಳಗಿನ ಮುಖ ಬಿಟ್ಟು ಉಳಿದೆಲ್ಲಕ್ಕೂ ಸೌರಕೋಶ ಹೊದಿಸಿದ್ದರು. ಉಪಗ್ರಹ ಬುಗುರಿಯಾಗಿ ತಿರುಗುತ್ತಲೇ ಇರುತ್ತದೆ, ಯಾವ ಕ್ಷಣದಲ್ಲೂ ಒಂದಷ್ಟು ಮುಖಗಳು ಸೂರ್ಯನಿಗೆ ಎದುರಾಗಬೇಕು; ಚಪ್ಪಟೆ ಕೋಶಗಳನ್ನು ಕೂರಿಸಲು ಚಪ್ಪಟೆ ಮುಖ ಬೇಕು. ಆ ವಿಚಿತ್ರ ಆಕಾರದ ಒಂದು ಅಂಚೂ ಅಲಂಕಾರಕ್ಕಲ್ಲ. ಹೊಸಬರು ಮೊದಲು ರಟ್ಟಿನಲ್ಲಿ ಆರ್ಯಭಟವನ್ನು ಮಾಡಿನೋಡಿ, ಆಮೇಲೆ ತಮ್ಮ ಕಲ್ಪನೆಯ ನೌಕೆಗೆ ಕೈಹಾಕಲಿ ಎಂಬುದು ನನ್ನ ಸಲಹೆ.

2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ವಿಕ್ರಮ್ ಲ್ಯಾಂಡರಿನ ಬಂಗಾರದ ಹೊದಿಕೆಯ ಬಗ್ಗೆಯೂ ತುಂಬ ಜನ ಕೇಳಿದ್ದಾರೆ. ಅದು ಬಂಗಾರವಲ್ಲ. ಜೇನುಬಣ್ಣದ ತೆಳು ಪ್ಲಾಸ್ಟಿಕ್ ಹಾಳೆಯ ಹಿಂಬದಿಗೆ ಅಲ್ಯುಮಿನಿಯಂ ಲೇಪಿಸಿರುತ್ತಾರೆ, ಆ ಬಣ್ಣದ ಮೂಲಕ ಬೆಳ್ಳಿ ಹೊಳಪು ಹಾದು ಬಂದಾಗ ಹೊನ್ನಾಗಿ ಕಾಣುತ್ತದೆ. ಅಂಥ ಅನೇಕ ಪದರಗಳು ಸೇರಿ ಬಿಸಿಲಿನಿಂದಲೂ ಚಳಿಯಿಂದಲೂ ಯಂತ್ರಗಳನ್ನು ಕಾಯುತ್ತವೆ. ಮಾದರಿಯಲ್ಲಿ ಇದನ್ನು ತೋರಿಸಲು ನಾನು ಬಳಸುವುದು ಬೇಗಡೆಯನ್ನು. ಯಕ್ಷಗಾನದ ಕಿರೀಟ, ಭುಜಕೀರ್ತಿಗಳನ್ನು ಮಾಡುವವರು ಹಗುರ ಮರವನ್ನು ಕೆತ್ತಿ, ಮೇಲೆ ಬೇಗಡೆ ಅಂಟಿಸಿ, ಕನ್ನಡಿ ಚೂರು ಕೂರಿಸುತ್ತಾರಲ್ಲ, ಅದೇ ಬೇಗಡೆ. ಅವರಿಗೆ ಅದು ಸುಕ್ಕಿಲ್ಲದೆ ಕೂರಬೇಕು. ನನಗೆ ಸುಕ್ಕು ಬೇಕು. ಅಂಗೈಯಲ್ಲಿ ಮೆತ್ತಗೆ ಮುದುಡಿ, ಬಿಡಿಸಿ, ನೀರು ಬೆರೆಸಿದ ಫೆವಿಕಾಲಿನಲ್ಲಿ ಕೂರಿಸಿ, ಅಂಚುಗಳನ್ನು ಮಾತ್ರ ಒತ್ತುತ್ತೇನೆ. ಬೇಗಡೆ ತೆಳುವಾಗಿದ್ದಷ್ಟೂ ಸುಕ್ಕು ಸಣ್ಣದು, ಸುಕ್ಕು ಸಣ್ಣದಾದಷ್ಟೂ ನೌಕೆ ದೊಡ್ಡದು.

ನಿಜಕ್ಕೆ ಅಂಟಿಕೊಳ್ಳುವುದಕ್ಕೂ ಒಂದು ಮಿತಿ ಇದೆ. ನಿರ್ವಾತದಲ್ಲಿ ಗಾಳಿ ಇಲ್ಲದ್ದರಿಂದ ಶಾಖವನ್ನು ವಿಕಿರಣದ ಮೂಲಕವೇ ಹೊರಹಾಕಬೇಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮಡಚಿದಂಥ ಬಿಳಿ ಫಲಕಗಳು ಅದಕ್ಕಾಗಿಯೇ ಇವೆ. ಪರಮಾಣು ಎಂಜಿನ್ ಇರುವ ನೌಕೆಗೆ ಅವು ಇನ್ನೂ ದೊಡ್ಡದಿರಬೇಕು. ‘2001’ ಚಿತ್ರದ ಡಿಸ್ಕವರಿ ನೌಕೆಗೂ ಮೊದಮೊದಲು ಅಂಥ ಫಲಕಗಳನ್ನು ಯೋಚಿಸಿದ್ದರು. ಪ್ರೇಕ್ಷಕರು ಅವನ್ನು ರೆಕ್ಕೆ ಎಂದುಕೊಂಡು, ಗಾಳಿಯಿಲ್ಲದಲ್ಲಿ ರೆಕ್ಕೆ ಯಾಕೆ ಎಂದು ಕೇಳಿಯಾರು ಎಂಬ ಕಾರಣಕ್ಕೆ ಕೈಬಿಟ್ಟರು. ನಾನು ಮಾತ್ರ ನನ್ನ ನೌಕೆಗಳಿಗೆ ಫಲಕ ಹಾಕಿಯೇ ಹಾಕುತ್ತೇನೆ. ಯಾರಾದರೂ ರೆಕ್ಕೆ ಯಾಕೆ ಎಂದು ಕೇಳಿದರೆ ವಿವರಿಸಲು ನನಗೆ ಖುಷಿ.

ಮಣಿಪಾಲದ ಹುಡುಗರು ಕೇಳುವ ಇನ್ನೊಂದು ಪ್ರಶ್ನೆ, 3ಡಿ ಪ್ರಿಂಟರ್ ಇರುವಾಗ ಇಷ್ಟೆಲ್ಲ ಯಾಕೆ ಎಂದು. ಪ್ರಿಂಟರ್ ಬೇಡವೆನ್ನುವವನು ನಾನಲ್ಲ. ಒಂದೇ ಬಗೆಯ ಎಂಟು ಎಂಜಿನ್ ಬಾಯಿ ಬೇಕಿದ್ದರೆ ಪ್ರಿಂಟ್ ಮಾಡಿ, ಕೈಯಲ್ಲಿ ಅಷ್ಟು ಸಮಾನವಾಗಿ ಬರುವುದು ಕಷ್ಟ. ಆದರೆ ಪೈಪು, ವಯರು, ಕಟಾಂಜನಕ್ಕೆ ಲೋಹದ ತಂತಿಯೇ ಸರಿ: 0.3 ಮಿ.ಮೀ. ರೆಸಿನ್ ಕಡ್ಡಿ ಮುಟ್ಟಿದರೆ ಮುರಿಯುತ್ತದೆ, ತಂತಿ ಬಗ್ಗುತ್ತದೆ. ಮತ್ತೊಂದು ಮಾತು. ಪರದೆಯ ಮೇಲೆ ವಿನ್ಯಾಸ ಮಾಡುವಾಗ ಎಷ್ಟು ಬೇಕಾದರೂ ಹಿಗ್ಗಿಸಿ ನೋಡಬಹುದಾದ್ದರಿಂದ, ಕಣ್ಣಿಗೆ ಕಾಣದಷ್ಟು ವಿವರ ತುಂಬುವ ಚಟ ಹತ್ತುತ್ತದೆ. ಕೈಯಲ್ಲಿ ಮಾಡುವಾಗ ನಮ್ಮ ಕಣ್ಣೇ ಅಳತೆಗೋಲು.

ಕೊನೆಯದಾಗಿ ಮಳೆಗಾಲದ ವಿಚಾರ, ವಿದೇಶಿ ಪುಸ್ತಕಗಳು ಹೇಳದ್ದು. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುವ ಊರು ನಮ್ಮದು. ಫೆವಿಕ್ವಿಕ್ ಬಗೆಯ ಅಂಟು ಗಟ್ಟಿಯಾಗುವುದೇ ತೇವಾಂಶದಿಂದ. ಹಾಗಾಗಿ ಆಷಾಢದಲ್ಲಿ ಅದು ತುಣುಕನ್ನು ಸರಿಯಾಗಿ ಕೂರಿಸುವ ಮೊದಲೇ ಹಿಡಿದುಬಿಡುತ್ತದೆ, ಸುತ್ತ ಬಿಳಿ ಮಂಜು ಹಿಡಿಸುತ್ತದೆ. ಸೂಜಿಯ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಹನಿ ಸಾಕು, ಆಮೇಲೆ ಫ್ಯಾನ್ ಹಾಕಿ. ಸಮಯ ಬೇಕಾದ ಜೋಡಣೆಗೆ ಅರಾಲ್ಡೈಟ್ ಬಳಸಿ. ಸ್ಪ್ರೇ ಬಣ್ಣಕ್ಕೆ ಮಾತ್ರ ಮಳೆಗಾಲದಲ್ಲಿ ಕೈಹಾಕಲೇಬೇಡಿ: ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರಲ್ಲಿ ಸೇರಿ ಬಣ್ಣ ಬೂದುಬೂದಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕತ್ತರಿಸುವುದು, ಬಗ್ಗಿಸುವುದು, ಅಂಟಿಸುವುದು. ನವರಾತ್ರಿ ಕಳೆದು ಬಿಸಿಲು ಗಟ್ಟಿಯಾದ ಮೇಲೆ ಇಡೀ ನೌಕೆಗೆ ಬೂದು ಬಣ್ಣದ ಪ್ರೈಮರ್ ಒಂದು ಕೈ ಹೊಡೆಯಿರಿ. ಬ್ಯಾಂಕ್ ಕಾರ್ಡು, ತಾಮ್ರ, ಪಿವಿಸಿ ಎಲ್ಲವೂ ಒಂದೇ ಬಣ್ಣಕ್ಕೆ ಬಂದಾಗ ಯಾವ ತುಣುಕು ನೌಕೆಗೆ ಸೇರಿದೆ, ಯಾವುದು ಸುಮ್ಮನೆ ಅಂಟಿಕೊಂಡಿದೆ ಎಂಬುದು ಎದ್ದು ಕಾಣುತ್ತದೆ. ಅಂಟಿಕೊಂಡದ್ದನ್ನು ಬ್ಲೇಡಿನಿಂದ ಕಿತ್ತು, ಆ ಜಾಗಕ್ಕೆ ವಾಟರ್ ಪೇಪರ್ ಉಜ್ಜಿ, ಇನ್ನೊಮ್ಮೆ ಪ್ರೈಮರ್ ಹೊಡೆದು ಮುಂದಿನ ಬಣ್ಣಕ್ಕೆ ಹೋಗಿ.